ಸೊಪ್ಪಿನಯ್ಯನ ಕಟ್ಟಳೆ

ರೇಣುಕಪ್ಪನಿಗೆ ಒಬ್ಬರ ಮುಖ ನೋಡಿ 'ಬೇಡ' ಅನ್ನಲು ಬರುತ್ತಿರಲಿಲ್ಲ.

ಊರಿನವರು ಇದನ್ನು ಒಳ್ಳೆಯತನ ಅನ್ನುತ್ತಿದ್ದರು. ಒಳ್ಳೆಯತನ ಅಲ್ಲ, ಕೊರತೆ. ಕೆಲವರಿಗೆ ಒಂದು ಕಿವಿ ಕೇಳಿಸುವುದಿಲ್ಲವಲ್ಲ, ಅಂಥದ್ದೇ. ಮದುವೆ ಊಟಕ್ಕೆ ಕೂತರೆ ಹೋಳಿಗೆ ಬಡಿಸುವವನು ಅವನ ಎಲೆಯ ಮುಂದೆ ನಿಂತು ಬುಟ್ಟಿ ಹಗುರ ಮಾಡಿಕೊಂಡು ಹೋಗುತ್ತಿದ್ದ. ಸೊಸೈಟಿ ಚುನಾವಣೆಯಲ್ಲಿ ಎದುರಾಳಿಗಳಿಬ್ಬರೂ ಬೇರೆ ಬೇರೆ ದಿನ ಮನೆಗೆ ಬಂದು, ಸೂಚಕನಾಗಿ ಸಹಿ ಹಾಕು ಅಂದರು. ಇಬ್ಬರಿಗೂ ಹಾಕಿಕೊಟ್ಟ. ಇಬ್ಬರ ನಾಮಪತ್ರವೂ ತಿರಸ್ಕಾರವಾಗಿ, ತಾನು ನಿಂತಿದ್ದೇನೆ ಎನ್ನುವುದನ್ನೇ ಮರೆತಿದ್ದ ಮೂರನೆಯವನು ಅವಿರೋಧವಾಗಿ ಗೆದ್ದ. ಮನೆಗೆ ಬೇಕಾದ 'ಬೇಡ'ಗಳನ್ನೆಲ್ಲ ಹೆಂಡತಿ ಸುಲೋಚನಮ್ಮ ಹೇಳುತ್ತಿದ್ದಳು. ಇದು ಗೊತ್ತಿದ್ದವರು ಅವಳು ಕೊಟ್ಟಿಗೆಯಲ್ಲಿರುವ ಹೊತ್ತು ನೋಡಿಕೊಂಡು ಬರುತ್ತಿದ್ದರು.

ಕಮ್ಮರಡಿಯಿಂದ ಮೇಲೆ ಬಸ್ಸು ತಿರುಗಿಸಿಕೊಳ್ಳುವ ಜಾಗದಿಂದ ಮುಂದೆ ಇವರ ಐದು ಮನೆಯ ಕೇರಿ, ಕೆಳಹಡ್ಲು. ಐದು ಮನೆಗೂ ಬಾವಿ ಇಲ್ಲ. ತೋಡಿದರೆ ಬಂಡೆ. ನೀರು ಬರುವುದು ಹಿಂದಿನ ಕೊಡೆಕಲ್ಲು ಗುಡ್ಡದಿಂದ. ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು. ಹುಲ್ಲಿನ ಮಡಿಕೆಯೊಳಗೆ ಒಂದು ಸಣ್ಣ ಕಾನು, ದಟ್ಟ ಮರಗಳ ಕಾಡು. ಕಾನಿನ ಅಂಚಿನಲ್ಲಿ ಒಂದು ಒರತೆ. ಒರತೆಯ ಸುತ್ತ ಕುಂಟುನೇರಳೆ ಗಿಡಗಳು ಒತ್ತೊತ್ತಾಗಿ ಬೆಳೆದು, ನೀರಿಗೆ ಬಿಸಿಲು ಬೀಳದಂತೆ ನಿಂತಿದ್ದವು. ಅಲ್ಲಿಂದ ಒಂದು ಕರಿ ಪೈಪು ಇಳಿದು ಬಂದು ಐದು ಮನೆಗೆ ಕವಲೊಡೆಯುತ್ತದೆ. ಮಂಗ ಕಚ್ಚುತ್ತವೆ, ಕಾಟಿ ತುಳಿಯುತ್ತವೆ ಎಂದು ಪೈಪನ್ನು ಮಣ್ಣು, ಒಣಗಿದೆಲೆಯ ದರಗಿನ ಅಡಿ ಹೂತಿದ್ದರು. ಮೇಲೆ ನಿಂತು ನೋಡಿದವರಿಗೆ ಅಲ್ಲಿ ಪೈಪಿದೆ ಅಂತಾಗಲಿ, ಅದರ ಕೊನೆಗೆ ಮನೆಗಳಿವೆ ಅಂತಾಗಲಿ ಗೊತ್ತಾಗುವಂತಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಯಾವುದೋ ಭಾನುವಾರದ ಪುರವಣಿಯಲ್ಲಿ ಕೊಡೆಕಲ್ಲಿನ ಫೋಟೋ ಬಂತು. ದೀಪಾವಳಿ ಕಳೆದದ್ದೇ ಬೆಂಗಳೂರಿನಿಂದ ಜನ ಬೆನ್ನಿಗೆ ಚೀಲ ಕಟ್ಟಿಕೊಂಡು ಗುಡ್ಡ ಹತ್ತತೊಡಗಿದರು. ಊರವರಿಗೆ ಅದು ಅರ್ಥವಾಗಲಿಲ್ಲ. ಮೇಲೆ ದನ ಇಲ್ಲ, ಸೀಗೆ ಕೊಯ್ಯುವ ಕಾಲ ಅಲ್ಲ. ಸುಮ್ಮನೆ ಹತ್ತುತ್ತಾರೆ, ಸುಮ್ಮನೆ ಇಳಿಯುತ್ತಾರೆ. "ಕಾಲಿಗೆ ಎಂತಾದ್ರೂ ಹರಕೆ ಇರ್ಬೇಕು," ಅಂದಳು ತೋಟದ ಕೆಲಸಕ್ಕೆ ಬರುವ ಭೈರಮ್ಮ.

ಒಂದು ಬೆಳಿಗ್ಗೆ ಸುಲೋಚನಮ್ಮ ಇಟ್ಟ ಕಾಫಿಗೆ ನಿಂಬೆಹಣ್ಣಿನ ಸೋಪಿನ ವಾಸನೆ ಬಂತು. ಕೊಡ ನೋಡಿದರೆ ಅಂಚಿಗೆ ನೊರೆ.

"ಮೇಲೆ ಸ್ನಾನ ಮಾಡ್ತಿದಾರೆ," ಅಂದಳು. "ಹೋಗಿ ಹೇಳಿ ಬನ್ನಿ."

"ನೀನೂ ಬಾ."

"ನಂಗೆ ದನ-ಗಂಟಿ ಯಾರು ಕಟ್ತಾರೆ? ಇದು ನಾವು ಕುಡಿಯ ನೀರು, ಇಲ್ಲಿ ಬರಬೇಡಿ ಅಂತ ಹೇಳದು. ಎರಡು ಮಾತು. ಬಾಯಿಪಾಠ ಮಾಡ್ಕೊಂಡು ಹೋಗಿ."

ರೇಣುಕಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಹತ್ತಿದ. ಹುಲ್ಲಿನ ಏರು ಮುಗಿಯುವವರೆಗೆ ಎರಡು ಮಾತೂ ಸರಿಯಾಗಿ ಇದ್ದವು.

ಒರತೆಯ ಪಕ್ಕ ನಾಲ್ಕು ಡೇರೆ. ಮೋಹಿತ್ ಎಂಬ ಹುಡುಗ ಆ ಗುಂಪಿನ ಮುಖ್ಯಸ್ಥ. ಗಡ್ಡ ಬಿಟ್ಟಿದ್ದ, ಕೈಗೆ ಗವಸು ಹಾಕಿದ್ದ, ಬೇರೆ ಯಾರೋ ಹಿಂದೆ ಬಂದು ಎಸೆದು ಹೋದ ಬಿಸ್ಕತ್ತಿನ ಕಾಗದಗಳನ್ನು ಬಗ್ಗಿ ಬಗ್ಗಿ ಒಂದು ಗೋಣಿಗೆ ತುಂಬುತ್ತಿದ್ದ. ರೇಣುಕಪ್ಪನನ್ನು ಕಂಡದ್ದೇ ಗವಸು ತೆಗೆದು ಕೈ ಮುಗಿದ. ಕುರ್ಚಿ ಇಲ್ಲದ ಜಾಗದಲ್ಲಿ ತನ್ನ ಚಾಪೆ ಬಿಚ್ಚಿ ಹಾಸಿದ. ಚಹಾ ಕೊಟ್ಟ. ಬಯ್ಯಲು ಹೋದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

"ಅಂಕಲ್, ನಮ್ಮ ಗ್ರೂಪಿನ ರೂಲು ಒಂದೇ," ಅಂದ ಮೋಹಿತ್. "ನಾವು ಹೋದ ಮೇಲೆ ಇಲ್ಲಿಗೆ ಯಾರೋ ಬಂದಿದ್ರು ಅಂತ ಗೊತ್ತೇ ಆಗಬಾರದು. ಒಂದು ಎಲೆ ಕೀಳಲ್ಲ, ಒಂದು ಕವರ್ ಬಿಡಲ್ಲ."

"ಒಳ್ಳೇದು," ಅಂದ ರೇಣುಕಪ್ಪ. ಎರಡು ಮಾತಲ್ಲಿ ಒಂದು ಆಗಲೇ ಮರೆತಿತ್ತು. "ಈ ಸೋಪು..."

"ಗಿಡಮೂಲಿಕೆದು ಅಂಕಲ್. ಮಣ್ಣಿಗೆ ಏನೂ ಆಗಲ್ಲ."

ಮಣ್ಣಿಗೆ ಆಗಿರಲಿಲ್ಲ, ನಿಜ. ಆಗಿದ್ದು ಸುಲೋಚನಮ್ಮನ ಕಾಫಿಗೆ. ಅದನ್ನು ಹೇಳಬೇಕಿತ್ತು. ಆದರೆ ಅವರದ್ದೇ ಚಹಾ ಬಾಯಲ್ಲಿಟ್ಟುಕೊಂಡು 'ನಿಮ್ಮಿಂದ ನನ್ನ ಕಾಫಿ ಹಾಳಾಯಿತು' ಅನ್ನುವುದು ಹೇಗೆ?

ತಾನೇ ಬೇಡ ಅನ್ನಲಾಗದವರು ಬೇರೆಯವರ ಬಾಯಿಂದ ಬೇಡ ಅನ್ನಿಸುತ್ತಾರೆ. ಕೆಳಗೆ ಊರಲ್ಲಾದರೆ ರೇಣುಕಪ್ಪ ಹೆಂಡತಿಯ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಇಷ್ಟು ಎತ್ತರದಲ್ಲಿ ಹೆಂಡತಿಯ ಹೆಸರು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಬಂತು. ದೇವರನ್ನು ಹಿಡಿದ.

"ಸೋಪು ಅಯ್ಯನಿಗೆ ಆಗಲ್ಲ," ಅಂದ.

"ಯಾವ ಅಯ್ಯ?"

ರೇಣುಕಪ್ಪ ಸುತ್ತ ನೋಡಿದ. ಒರತೆಗಿಂತ ಸ್ವಲ್ಪ ಮೇಲೆ ಮೊಣಕಾಲೆತ್ತರದ ಕಲ್ಲೊಂದಿತ್ತು. ಅವನ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು. ಹಿಂದೆ ತಲೆಹೊರೆ ಹೊತ್ತು ಘಾಟಿ ಇಳಿಯುತ್ತಿದ್ದವರು ದಾರಿ ಬದಿಯ ಒಂದು ಕಲ್ಲಿನ ಮೇಲೆ ಸೊಪ್ಪಿನ ಕುಡಿ ಮುರಿದಿಟ್ಟು ಹೋಗುತ್ತಿದ್ದರಂತೆ, ದಣಿವು ಆಗದಿರಲಿ ಅಂತ. ಆ ಕಲ್ಲು ಇರುವುದು ಶೃಂಗೇರಿಯಿಂದಾಚೆ, ಬೇರೆಯೇ ಗುಡ್ಡದಲ್ಲಿ. ಆ ದಾರಿಯಲ್ಲಿ ವಾರಕ್ಕೆ ನಾಲ್ಕು ಜನ ಹೋದರೆ ಹೆಚ್ಚು. ನಾಲ್ಕು ಕುಡಿ ಹೋದದ್ದು ಕಾಡಿಗೆ ಗೊತ್ತೇ ಆಗುತ್ತಿರಲಿಲ್ಲ.

"ಸೊಪ್ಪಿನಯ್ಯ," ಅಂದ ರೇಣುಕಪ್ಪ, ಕಲ್ಲು ತೋರಿಸಿ. "ಅದ್ರಿಂದ ಈಚೆಗೆ ಸೋಪಿಲ್ಲ. ಚಪ್ಪಲಿ ಇಲ್ಲ. ರಾತ್ರಿ ಉಳಿಯಂಗಿಲ್ಲ. ಕಲ್ಲಿಗೆ ಒಂದು ಕುಡಿ ಸೊಪ್ಪು ಹಾಕಿ, ಹಿಂದೆ ನೋಡ್ದೆ ಹೋಗ್ತಾ ಇರ್ಬೇಕು."

"ಹಾಕದಿದ್ರೆ?"

"ದಾರಿ ತಪ್ಪತ್ತೆ."

ಹೆದರಿ ಬೇರೆ ಗುಡ್ಡ ನೋಡಿಕೊಳ್ಳುತ್ತಾರೆ ಎಂಬುದು ಅವನ ಅಂದಾಜು. ಆದರೆ ಮೋಹಿತನ ಕಣ್ಣಲ್ಲಿ ನೀರು ಬಂತು.

"ಕೇಳಿದ್ರಾ?" ಅಂತ ಉಳಿದವರನ್ನು ಕರೆದ. "ಇದು ದೇವರಕಾಡು. ಇವರು ನೂರಾರು ವರ್ಷದಿಂದ ಕಾಪಾಡಿಕೊಂಡು ಬಂದಿದ್ದಾರೆ. ನಾವು ಪುಸ್ತಕ ಓದಿ ಕಲಿತದ್ದನ್ನ ಇವರು ಒಂದು ಕಲ್ಲಲ್ಲಿ ಇಟ್ಟಿದ್ದಾರೆ."

ಗುಂಪಿನಲ್ಲಿದ್ದ ಅರ್ಪಿತಾ ಎಂಬ ಹುಡುಗಿ ಒಬ್ಬಳೇ ತಕರಾರು ತೆಗೆದಳು. "ಎಲೆ ಕೀಳಬಾರದು ಅಂತ ಈಗ ತಾನೇ ಅಂದೆ."

"ಅದು ನಮ್ಮ ರೂಲು. ಇದು ಇಲ್ಲಿಯವರ ರೂಲು. ಇಲ್ಲಿಗೆ ಬಂದ ಮೇಲೆ ಇಲ್ಲಿಯವರದ್ದೇ ಮೊದಲು."

ಒಪ್ಪಬೇಕಾದ ಮಾತೇ. ಆ ದಿನ ಆ ಗುಡ್ಡದ ಮೇಲೆ ಆಡಿದ ಮಾತುಗಳಲ್ಲಿ ಕೆಟ್ಟದ್ದು ಅಂತ ಒಂದೂ ಇರಲಿಲ್ಲ.

"ಯಾವ ಗಿಡದ ಸೊಪ್ಪು ಅಂಕಲ್?" ಕೇಳಿದಳು ಅರ್ಪಿತಾ.

ರೇಣುಕಪ್ಪ ಇಷ್ಟು ದೂರ ಯೋಚಿಸಿರಲಿಲ್ಲ. ಮೊಣಕೈಗೆ ತಾಗುತ್ತಿದ್ದ ಗಿಡ ತೋರಿಸಿದ. ಅದು ಕುಂಟುನೇರಳೆ.

ಮನೆಗೆ ಬಂದಾಗ ಸುಲೋಚನಮ್ಮ ಕೇಳಿದಳು, "ಹೇಳಿದ್ರಾ?"

"ಹೇಳ್ದೆ."

"ಎಂತ ಹೇಳಿದ್ರಿ?"

"ಸೋಪು ಹಾಕ್ಬೇಡಿ ಅಂದೆ."

"ಬರಬೇಡಿ ಅನ್ಲಿಲ್ವಾ?"

"ಅದೂ ಸೇರ್ದಂಗೇ ಹೇಳ್ದೆ."

ನೊರೆ ನಿಂತಿತು. ಕಾಫಿ ಮತ್ತೆ ಕಾಫಿಯ ವಾಸನೆಗೆ ಬಂತು. ಗಂಡ ಒಂದು ಕೆಲಸ ಮುಗಿಸಿ ಬಂದದ್ದು ನೋಡಿ ಸುಲೋಚನಮ್ಮನಿಗೆ ಒಳಗೊಳಗೇ ಗಾಬರಿಯಾಯಿತು. ಅವನೂ ಎರಡು ವಾರ ಎದೆ ಸ್ವಲ್ಪ ಮುಂದೆ ಮಾಡಿಕೊಂಡು ತಿರುಗಿದ.

ಮೂರನೆಯ ವಾರ ಎರಡು ವ್ಯಾನು ಬಂದವು. ಅದರ ಮುಂದಿನ ವಾರ ಒಂದು ಪೂರಾ ಬಸ್ಸು. ಮೋಹಿತ್ ಇಂಟರ್ನೆಟ್ಟಿನಲ್ಲಿ ಸೊಪ್ಪಿನಯ್ಯನ ಬಗ್ಗೆ ಬರೆದಿದ್ದ. ಕೊಡೆಕಲ್ಲಿಗೆ ಹೋಗುವವರು ಪ್ಲಾಸ್ಟಿಕ್ ಒಯ್ಯಬೇಡಿ, ಹಾಡು ಹಾಕಬೇಡಿ, ಚಪ್ಪಲಿ ಬಿಡಿ, ಅಯ್ಯನಿಗೆ ಕುಂಟುನೇರಳೆಯ ಕುಡಿ ಹಾಕಿ. ಬಂದವರೆಲ್ಲ ಅಕ್ಷರಶಃ ಹಾಗೇ ನಡೆದುಕೊಂಡರು. ಬರಿಗಾಲಲ್ಲಿ, ಪಿಸುಮಾತಲ್ಲಿ, ಸಾಲಾಗಿ ಹೋಗಿ ಒಬ್ಬೊಬ್ಬರೂ ಒಂದು ಕುಡಿ ಮುರಿದರು. ಹೋಗುವಾಗ ಒಂದು ಹಾಕಿದ ಮೇಲೆ ಬರುವಾಗ ಒಂದು ಹಾಕದಿದ್ದರೆ ಹೇಗೆ ಅಂತ ಯಾರಿಗೋ ಅನ್ನಿಸಿತು, ಎರಡಾಯಿತು. ಬರಲಾಗದ ಸ್ನೇಹಿತರ ಪರವಾಗಿ ಮೂರನೆಯದು. ಕಾಡಿನ ಬಗ್ಗೆ ಇಷ್ಟು ಭಕ್ತಿ ಇಟ್ಟ ಜನ ಆ ಗುಡ್ಡಕ್ಕೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ದರಗು ತರಲು ಮೇಲೆ ಹೋಗಿದ್ದ ಭೈರಮ್ಮ ಇದನ್ನು ನೋಡಿ, ಖಾಲಿ ಬುಟ್ಟಿ ಹೊತ್ತುಕೊಂಡೇ ಇಳಿದು ಬಂದಳು.

"ಅಯ್ಯಾ, ಮೇಲೆ ಎಂತ ದೇವ್ರು?"

"ಇದೆ ಅಂತಾರೆ," ಅಂದ ರೇಣುಕಪ್ಪ. ಇಲ್ಲ ಅನ್ನುವುದೂ ಬೇಡ ಅನ್ನುವುದರ ಜಾತಿಯದೇ, ಅದೂ ಅವನಿಗೆ ಬರುತ್ತಿರಲಿಲ್ಲ.

ಭೈರಮ್ಮ ಕಟ್ಟೆಯ ಮೇಲೆ ಕೂತು ಯೋಚಿಸಿದಳು. "ನಮ್ಮತ್ತೆ ಒಂದ್ಸಲ ಅಲ್ಲಿಂದ ಸೌದೆ ತಂದು ಮೂರು ದಿನ ಜ್ವರ ಬಂದು ಮಲಗಿತ್ತು. ಆವಾಗ ಗೊತ್ತಾಗಿರ್ಲಿಲ್ಲ ಎಂತಕ್ಕೆ ಅಂತ."

ಈಗ ಗೊತ್ತಾಯಿತು. ಅಲ್ಲಿಂದ ಮುಂದೆ ಕೆಳಹಡ್ಲು ಕೇರಿಯಲ್ಲಿ ಹಿಂದಿನ ಮೂವತ್ತು ವರ್ಷದಲ್ಲಿ ಬಿದ್ದವರು, ಜಾರಿದವರು, ಜ್ವರ ಬಂದವರು ಎಲ್ಲರೂ ಸೊಪ್ಪಿನಯ್ಯನ ಲೆಕ್ಕಕ್ಕೆ ಹೋದರು. ಪಕ್ಕದ ಮನೆಯ ರಂಗಪ್ಪನ ಹಸು ಒಂದು ಸಂಜೆ ಮನೆಗೆ ಬರಲಿಲ್ಲ. ಅವನು ಮೇಲೆ ಕೈ ಮುಗಿದು ಒಂದು ಕಟ್ಟು ಸೊಪ್ಪಿನ ಹರಕೆ ಹೇಳಿಕೊಂಡ. ಬೆಳಗಾಗುವಷ್ಟರಲ್ಲಿ ಹಸು ಬಂತು. ಅದು ಮೊದಲೂ ಎಷ್ಟೋ ಸಲ ಬೆಳಿಗ್ಗೆಯೇ ಬಂದದ್ದುಂಟು. ಆಗೆಲ್ಲ ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ರಂಗಪ್ಪ ರೇಣುಕಪ್ಪನ ಜಗಲಿಗೆ ಬಂದು ಕೂತ. "ಎಂತ ಮಾರಾಯ ರೇಣುಕಪ್ಪ, ದೇವ್ರನ್ನ ಇಷ್ಟು ವರ್ಷ ಒಬ್ನೇ ಇಟ್ಕೊಂಡಿದ್ಯಲ್ಲ. ಬೆಂಗ್ಳೂರಿನವ್ರಿಗೆ ಹೇಳ್ತೀಯ, ಬೇಲಿ ಆಚೆ ಇರೋ ನಂಗೆ ಹೇಳಲ್ಲ."

"ಹಂಗೇನಿಲ್ಲ ಮಾರಾಯ..."

"ಆ ಮಗ್ಗುಲಲ್ಲಿ ನಮ್ಮಜ್ಜನೂ ಸೊಪ್ಪು ಕಡಿತಿದ್ದ. ನ್ಯಾಯವಾಗಿ ನೋಡಿದ್ರೆ ಅಯ್ಯ ನಮಗೂ ಸೇರ್ಬೇಕು."

"ಸೇರ್ಲಿ, ಅದಕ್ಕೆಂತ," ಅಂದ ರೇಣುಕಪ್ಪ. ಅಲ್ಲಿಗೆ ಅರ್ಧ ದೇವರು ಕೈ ಬಿಟ್ಟು ಹೋಯಿತು.

ಸುಲೋಚನಮ್ಮ ಆ ರಾತ್ರಿ ಗಂಡನನ್ನು ಎದುರಿಗೆ ಕೂರಿಸಿಕೊಂಡು ವಿಷಯ ಪೂರಾ ಹೊರಡಿಸಿದಳು.

"ಎರಡು ಮಾತು ಹೇಳಿ ಬನ್ನಿ ಅಂದ್ರೆ ಒಂದು ದೇವ್ರನ್ನ ಹುಟ್ಸಿ ಬಂದ್ರಾ?"

"ನೊರೆ ನಿಂತಿತಲ್ಲ."

"ನಿಂತಿತು," ಅಂದಳು ಅವಳು. ಅದನ್ನು ಇಲ್ಲ ಅನ್ನಲು ಅವಳಿಗೂ ಆಗಲಿಲ್ಲ.

ಸಂಕ್ರಾಂತಿ ಕಳೆದು ಒಂದು ದಿನ ಫಾರೆಸ್ಟ್ ಗಾರ್ಡ್ ಬಂದ. ಕಾಡಿನೊಳಗೆ ಯಾರೋ ದೇವಸ್ಥಾನ ಮಾಡುತ್ತಿದ್ದಾರೆ ಎಂಬ ಸುದ್ದಿ ಅವನವರೆಗೂ ಹೋಗಿತ್ತು. ರೇಣುಕಪ್ಪನನ್ನು ಕರೆದುಕೊಂಡು ಮೇಲೆ ಹೋದ. ರಂಗಪ್ಪನೂ ಅರ್ಧ ಪಾಲುದಾರನಾಗಿ ಹಿಂದೆ ಹೋದ.

"ಇಲ್ಲಿ ಎಂತದೂ ಕಟ್ಟಂಗಿಲ್ಲ, ಗೊತ್ತಲ್ಲ," ಅಂದ ಗಾರ್ಡು.

"ನಾನು ಕಟ್ಟಿಲ್ಲ ಸಾರ್. ಕಲ್ಲು ಮೊದ್ಲೇ ಇತ್ತು."

"ಕಲ್ಲು ಇಲಾಖೆದು."

"ಇಟ್ಕೊಳ್ಳಿ ಸಾರ್," ಅಂದ ರೇಣುಕಪ್ಪ, ಬಹಳ ಆಸೆಯಿಂದ. "ತಗೊಂಡು ಹೋದ್ರೂ ನಂದೇನಿಲ್ಲ."

ಗಾರ್ಡು ಕಲ್ಲನ್ನು ಒಂದು ಸುತ್ತು ಬಂದು ನೋಡಿದ. ಸೊಪ್ಪಿನ ರಾಶಿ ಆಗಲೇ ಕಲ್ಲಿನ ಎತ್ತರ ಮೀರಿತ್ತು.

"ಸೊಪ್ಪು ಮುರಿಯೋದು ತಪ್ಪಲ್ವ ಸಾರ್?" ಅಂದ ರೇಣುಕಪ್ಪ. ಅವನ ಜೀವನದಲ್ಲಿ ಒಬ್ಬ ಅಧಿಕಾರಿಗೆ ಇಷ್ಟು ಹತ್ತಿರದ ಸುಳಿವು ಅವನು ಕೊಟ್ಟಿರಲಿಲ್ಲ.

"ಮರ ಕಡಿದ್ರೆ ಕೇಸು. ಒಂದು ಕುಡಿ ಮುರಿದವನ ಮೇಲೆ ಎಂತ ಅಂತ ಬರೆಯೋದು? ಒಬ್ಬೊಬ್ರದ್ದು ಒಂದೊಂದೇ ಕುಡಿ."

ಅದೂ ಸರಿಯೇ. ಪ್ರತಿಯೊಬ್ಬರದ್ದೂ ಒಂದೊಂದೇ ಕುಡಿ. ಗಾರ್ಡು ಆಚೆ ಈಚೆ ನೋಡಿದ. ವರ್ಗದ ಅರ್ಜಿ ಹಾಕಿ ಎರಡು ವರ್ಷ ಆಗಿತ್ತು, ಹೆಂಡತಿ ಮಕ್ಕಳು ನರಸಿಂಹರಾಜಪುರದಲ್ಲಿದ್ದರು. ಟೊಪ್ಪಿ ತೆಗೆದು ಕಂಕುಳಿಗೆ ಸಿಕ್ಕಿಸಿ, ಕೈ ಚಾಚಿ ಒಂದು ಕುಡಿ ಮುರಿದ. ಕೆಳಗಿನ ಕೊಂಬೆಗಳಲ್ಲಿ ಎಲೆ ಮುಗಿದಿದ್ದರಿಂದ ಕಾಲ ತುದಿಯಲ್ಲಿ ನಿಲ್ಲಬೇಕಾಯಿತು.

ಸರ್ಕಾರವೇ ಸೊಪ್ಪು ಹಾಕಿತು ಎಂದು ರಂಗಪ್ಪ ಸಂಜೆಯೊಳಗೆ ಕಮ್ಮರಡಿಯ ಹೋಟೆಲಿನಲ್ಲಿ ಹೇಳಿ ಬಂದ. ಮುಂದಿನ ತಿಂಗಳಲ್ಲಿ ಗಾರ್ಡಿಗೆ ವರ್ಗವೂ ಆಯಿತು. ಆಮೇಲೆ ಕೊಪ್ಪದಿಂದ, ಬಾಳಗಡಿಯಿಂದ, ಮುತ್ತಿನಕೊಪ್ಪದಿಂದ ಜೀಪುಗಳು ಬರತೊಡಗಿದವು. ಬೆಂಗಳೂರಿನವರು ಕಾಡು ನೋಡಲು ಬಂದು ಸೊಪ್ಪು ಹಾಕುತ್ತಿದ್ದರು. ಇವರು ಸೊಪ್ಪು ಹಾಕಲೆಂದೇ ಬಂದರು. ಪ್ರಸಾದ ಅಂತ ನಾಲ್ಕು ಕುಡಿ ಮನೆಗೂ ಒಯ್ದರು. ಜನ ನಿಲ್ಲಲು ಜಾಗ ಸಾಲದೆ, ರಂಗಪ್ಪ ಆಳುಗಳನ್ನು ಕರೆಸಿ ಒರತೆಯ ಮೇಲಿನ ದಿಬ್ಬವನ್ನು ಗುದ್ದಲಿಯಲ್ಲಿ ಸ್ವಲ್ಪ ಸಮ ಮಾಡಿಸಿದ. ಒಂದು ಗಂಟೆಯನ್ನೂ ತೂಗುಹಾಕಿದ. ರೇಣುಕಪ್ಪನನ್ನು ಕೇಳಿಯೇ ಮಾಡಿಸಿದ್ದು. ಅವನು ಆಗಲಿ ಅಂದಿದ್ದ.

ನಲ್ಲಿಯ ನೀರು ಸಣ್ಣಗಾಯಿತು. ಮೊದಲೆಲ್ಲ ಕೊಡ ಇಟ್ಟು ಒಲೆ ಊದಿ ಬರುವಷ್ಟರಲ್ಲಿ ತುಂಬಿ ಚೆಲ್ಲುತ್ತಿತ್ತು. ಈಗ ಒಲೆ ಊದಿ, ಹಾಲು ಕಾಸಿ, ಗಂಟಿಗೆ ಹುಲ್ಲು ಹಾಕಿ ಬಂದರೂ ಕೊಡದ ಕಂಠಕ್ಕೆ ಬರುತ್ತಿರಲಿಲ್ಲ. ಬೇಸಿಗೆ ಇನ್ನೂ ಶುರುವಾಗಿರಲಿಲ್ಲ. ಸುಲೋಚನಮ್ಮ ಒಂದು ಭಾನುವಾರ ಬೆಳಿಗ್ಗೆ ಸೆರಗು ಬಿಗಿದುಕೊಂಡಳು.

"ನಡೀರಿ. ಇವತ್ತು ಗಂಟಿ ಹಟ್ಟಿಯಲ್ಲೇ ಇರ್ಲಿ."

ಮೇಲೆ ಹೋಗಿ ನಿಂತಾಗ ರೇಣುಕಪ್ಪನಿಗೆ ಜಾಗದ ಗುರುತು ಹತ್ತಲಿಲ್ಲ. ಮನುಷ್ಯನ ಕೈ ಎಟುಕುವಷ್ಟು ಎತ್ತರದವರೆಗೆ ಕುಂಟುನೇರಳೆ ಬರೀ ಕಡ್ಡಿ. ತುದಿಯಲ್ಲಿ ಮಾತ್ರ ನಾಲ್ಕು ಎಲೆ, ತಲೆ ಬೋಳಿಸುವಾಗ ಬಿಟ್ಟ ಜುಟ್ಟಿನ ಹಾಗೆ. ಕೆಲವು ಗಿಡ ಬುಡದಲ್ಲೇ ಮುರಿದಿದ್ದವು. ನೆಲ ಬರಿಗಾಲಿನ ಭಕ್ತಿಗೆ ಒಕ್ಕಲು ಮಾಡುವ ಕಣದಂತೆ ಗಟ್ಟಿಯಾಗಿತ್ತು. ಬಿಸಿಲು ನೇರವಾಗಿ ಒರತೆಗೆ ಬೀಳುತ್ತಿತ್ತು. ಅಯ್ಯನ ಕಲ್ಲು ಕಾಣುತ್ತಲೇ ಇರಲಿಲ್ಲ. ಆಳೆತ್ತರದ ಸೊಪ್ಪಿನ ಗುಡ್ಡೆ ಕೊಳೆತು ಕಪ್ಪು ರಸ ಒರತೆಯ ಕಡೆಗೇ ಜಿನುಗುತ್ತಿತ್ತು.

ಮೋಹಿತ್ ಅಲ್ಲೇ ಇದ್ದ. ಕೈಗವಸು, ಗೋಣಿ. ಗೋಣಿ ಖಾಲಿ.

"ಅಂಕಲ್, ನೋಡಿ," ಅಂದ, ತೊಟ್ಟಿಲ ಮಗು ತೋರಿಸುವವನ ಹಾಗೆ. "ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ. ಒಂದು ಪ್ಲಾಸ್ಟಿಕ್ ಚೂರು ಸಿಗಲಿಲ್ಲ. ಎಲ್ಲ ನಿಮ್ಮ ಅಯ್ಯನಿಂದ."

ಅದು ನಿಜವೇ. ಇಡೀ ಗುಡ್ಡದಲ್ಲಿ ಒಂದು ಕಾಗದವೂ ಇರಲಿಲ್ಲ.

ಸುಲೋಚನಮ್ಮ ಗಂಡನ ಬೆನ್ನಿಗೆ ಬೆರಳಲ್ಲಿ ತಿವಿದಳು.

"ಇಲ್ಲಿ ಅಯ್ಯ ಇಲ್ಲ," ಅಂದ ರೇಣುಕಪ್ಪ.

"ಏನು ಅಂಕಲ್?"

"ದೇವ್ರಿಲ್ಲ ಇಲ್ಲಿ. ನಾನು ಅವತ್ತು ಸುಮ್ನೆ ಹೇಳಿದ್ದು."

ಮೋಹಿತ್ ಅವನ ಹೆಗಲ ಮೇಲೆ ಕೈ ಇಟ್ಟ. "ಅಂಕಲ್, ಊರಿನ ಹೊರಗಿನವರ ಮುಂದೆ ನೀವು ನಾಚಿಕೊಳ್ಳಬೇಕಾಗಿಲ್ಲ. ಯಾರಾದ್ರೂ ಬಂದು ಇದು ಮೂಢನಂಬಿಕೆ ಅಂತ ಬೈದ್ರಾ?"

"ಯಾರೂ ಬೈದಿಲ್ಲ. ಸುಳ್ಳು ಅದು."

"ನಿಮಗೆ ಸುಳ್ಳು ಅನ್ನಿಸಬಹುದು. ಹಿರಿಯರು ಕಾರಣ ಇಲ್ಲದೆ ಮಾಡಿರಲ್ಲ."

"ಹಿರಿಯರು ಮಾಡಿಲ್ಲ ಮಾರಾಯ. ನಾನೇ ಮಾಡಿದ್ದು. ದೀಪಾವಳಿ ಕಳೆದ್ಮೇಲೆ."

"ನಿಮ್ಮ ಮಟ್ಟಿಗೆ ನೀವು ನಂಬಿಕೆ ಕಳ್ಕೊಂಡ್ರೂ ನಾವು ಗೌರವ ಕೊಡೋದು ಬಿಡಲ್ಲ ಅಂಕಲ್," ಅಂದ ಮೋಹಿತ್. ಅವನ ಹಿಂದೆ ಸಾಲಲ್ಲಿದ್ದ ಇಬ್ಬರು ಹುಡುಗರು ತಲೆಯಾಡಿಸಿ ಒಂದೊಂದು ಕುಡಿಗೆ ಕೈ ಹಾಕಿದರು.

ಸುಲೋಚನಮ್ಮ ಅವರ ಕೈ ಮತ್ತು ಗಿಡದ ನಡುವೆ ಹೋಗಿ ನಿಂತಳು.

"ಇದು ನಾವು ಕುಡಿಯೋ ನೀರು ಕಣಪ್ಪ," ಅಂದಳು. "ಐದು ಮನೆಗೆ ಇದೊಂದೇ. ಈ ಗಿಡ ಹೋದ್ರೆ ನೀರು ಹೋಗುತ್ತೆ. ಇಲ್ಲಿಗೆ ಬರಬೇಡಿ."

ಹುಡುಗರು ಕೈ ಹಿಂದಕ್ಕೆ ತೆಗೆದರು.

"ಯಾವ ನೀರು?" ಕೇಳಿದ ಮೋಹಿತ್.

ಸುಲೋಚನಮ್ಮ ಕಾಲಲ್ಲಿ ದರಗು ಸರಿಸಿದಳು. ಕರಿ ಪೈಪಿನ ಬಾಯಿ ಕಂಡಿತು, ಅದಕ್ಕೆ ಕಟ್ಟಿದ್ದ ತೂತಿನ ಡಬ್ಬಿ ಕಂಡಿತು. ಡಬ್ಬಿಯ ಅರ್ಧ ಕೆಸರಿನಲ್ಲಿ ಹೂತಿತ್ತು. ಅರ್ಪಿತಾ ಮಂಡಿಯೂರಿ ಕೂತು ಪೈಪು ಹೋಗುವ ದಿಕ್ಕನ್ನು ಕೈಯಿಂದ ತಡವಿಕೊಂಡು ಸ್ವಲ್ಪ ದೂರ ಹೋದಳು. ಹುಲ್ಲಿನ ಅಂಚಿಗೆ ಹೋಗಿ ನಿಂತು ನೋಡಿದಾಗ, ಕೆಳಗೆ ಐದು ಮನೆಯ ಹೆಂಚು ಕಂಡವು.

"ಮೊದಲನೇ ದಿನವೇ ಇಷ್ಟು ಹೇಳಿದ್ರೆ," ಅಂದ ಮೋಹಿತ್, ನಿಧಾನವಾಗಿ, "ಅವತ್ತೇ ಡೇರೆ ಕಿತ್ಕೊಂಡು ಹೋಗ್ತಿದ್ವಿ ಅಂಕಲ್."

"ಹೇಳ್ಬೇಕು ಅಂತಲೇ ಬಂದಿದ್ದೆ."

"ಮತ್ತೆ?"

"ನೀವು ಚಹಾ ಕೊಟ್ರಿ," ಅಂದ ರೇಣುಕಪ್ಪ.

ಮೋಹಿತ್ ಗೋಣಿ ಕೆಳಗಿಟ್ಟ. ಗವಸು ತೆಗೆದ. ಕಲ್ಲಿನ ಮೇಲಿನ ಗುಡ್ಡೆಯನ್ನು ನೋಡಿದ. ಅವನೂ ಹದಿನೈದು ದಿನಕ್ಕೊಮ್ಮೆ ಬಂದವನು, ಬಂದಾಗಲೆಲ್ಲ ನೆಲ ನೋಡುತ್ತ ನಡೆದವನು. ಕಾಗದ ಹುಡುಕುವವನ ಕಣ್ಣು ನೆಲದ ಮೇಲೇ ಇರುತ್ತದೆ. ತಲೆ ಎತ್ತಿ ಗಿಡ ನೋಡಿದ್ದು ಅಂದೇ ಮೊದಲು. ಗೌರವ ಎಲ್ಲರ ಹತ್ತಿರವೂ ಬೇಕಾದಷ್ಟಿತ್ತು. ಆ ಗೌರವಕ್ಕೆ ಎಲೆ ಬೇಕಾಗಿತ್ತು.

ಅವನು ಆಡಿದಂತೆ ನಡೆಯುವವನೇ. ಆ ವಾರವೇ ಬರೆದದ್ದನ್ನು ಅಳಿಸಿ, ಕೊಡೆಕಲ್ಲಿಗೆ ಯಾರೂ ಹೋಗಬೇಡಿ, ಅದು ಕೆಳಗಿನವರ ಕುಡಿಯುವ ನೀರು ಅಂತ ಬರೆದ. ಬೆಂಗಳೂರಿನವರು ನಿಂತೇ ಹೋದರು. ಎರಡು ಮಾತು ಸಾಕಾಗಿತ್ತು.

ಊರವರಿಗೆ ಮಾತ್ರ ಎರಡು ಮಾತು ಸಾಕಾಗಲಿಲ್ಲ. ರಂಗಪ್ಪನ ಜಗಲಿಯಲ್ಲಿ ಐದು ಮನೆಯವರೂ ಸೇರಿದರು. ನೀರು ನೂಲಿನಷ್ಟಾಗಿದ್ದರಿಂದ ಸೇರಲೇಬೇಕಾಗಿತ್ತು. ರೇಣುಕಪ್ಪ ಅಲ್ಲಿ ಎದ್ದು ನಿಂತು, ದೇವರು ತಾನು ಮಾಡಿದ್ದು, ಸೊಪ್ಪು ಮುರಿಯುವುದು ನಿಲ್ಲಿಸದಿದ್ದರೆ ನೀರು ಪೂರಾ ಹೋಗುತ್ತದೆ ಎಂದು ಹೇಳಿದ. ಈಚೆಗೆ ಅವನಿಗೆ ಸ್ವಲ್ಪ ಅಭ್ಯಾಸವಾಗಿತ್ತು, ಬೇಗ ಹೇಳಿ ಮುಗಿಸಿದ.

"ನನ್ನ ಹಸು ಬಂದಿದ್ದು ಸುಳ್ಳಾ?" ಕೇಳಿದ ರಂಗಪ್ಪ.

"ಹಸು ಹಂಗೇ ಬರುತ್ತೆ ಮಾರಾಯ."

"ಗಾರ್ಡಿಗೆ ವರ್ಗ ಆಗಿದ್ದು?"

"ಅದು ಸರ್ಕಾರದ್ದು."

"ಎಲ್ಲಾ ಹಂಗ್ಹಂಗೇ ಆಗುತ್ತೆ ಅಂದ್ರೆ ನೀರು ಕಮ್ಮಿ ಆಗಿದ್ದು ಮಾತ್ರ ಸೊಪ್ಪಿಂದನಾ?" ಅಂದ ರಂಗಪ್ಪ. ಜಗಲಿಯಲ್ಲಿ ಮೂರು ನಾಲ್ಕು ತಲೆ ಆಡಿದವು.

"ದಿಬ್ಬ ಅಗೆದಿದ್ದೂ ಇದೆ," ಅಂದಳು ಸುಲೋಚನಮ್ಮ. "ಮಣ್ಣು ಒರತೆ ಬಾಯಿ ಮುಚ್ಚಿದೆ."

"ನಿಮ್ಮ ಯಜಮಾನ್ರನ್ನ ಕೇಳೇ ಅಗೆಸಿದ್ದು ಅಕ್ಕ."

ಭೈರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ರೇಣುಕಪ್ಪನ ಮೇಲೆ ಸಿಟ್ಟೇನೂ ಇರಲಿಲ್ಲ, ಕನಿಕರ ಇತ್ತು. "ಅಯ್ಯಾ, ನೀವು ಹೇಳಿದ್ಮೇಲೇ ಹುಟ್ತು ಅಂತಲೇ ಇಟ್ಕಳಿ. ಹುಟ್ಟಿದ್ದು ಹುಟ್ಟಿದಂಗೇ ಅಲ್ವ? ಈಗ ಇಲ್ಲ ಅಂದ್ರೆ ಅದೆಲ್ಲಿಗೆ ಹೋಗ್ಬೇಕು?"

ಇದಕ್ಕೆ ಉತ್ತರ ಓದಿಕೊಂಡವರ ಹತ್ತಿರವೂ ಇರಲಾರದು.

ಕೊನೆಗೆ ಜಗಲಿಯ ತೀರ್ಮಾನ ಹೀಗಾಯಿತು: ಬೆಂಗಳೂರಿನವರ ಮುಂದೆ ರೇಣುಕಪ್ಪ ದೇವರಿಲ್ಲ ಅಂದಿದ್ದಾನೆ, ಅಯ್ಯ ಮುನಿದು ನೀರು ಹಿಡಿದಿದ್ದಾನೆ, ತಪ್ಪುಕಾಣಿಕೆಯಾಗಿ ಮನೆಗೊಂದು ಹೊರೆ ಕುಂಟುನೇರಳೆ ಸೊಪ್ಪು ಹಾಕಬೇಕು. ರೇಣುಕಪ್ಪನ ಮನೆಯದು ಮೊದಲನೇ ಹೊರೆ.

"ನಾನು ತರಲ್ಲ," ಅಂದ ರೇಣುಕಪ್ಪ.

ಸುಲೋಚನಮ್ಮ ತಿರುಗಿ ಗಂಡನ ಮುಖ ನೋಡಿದಳು. ಮದುವೆಯಾದ ಮೇಲೆ ಅವನ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ರಂಗಪ್ಪ ಎದ್ದು ಬಂದು ರೇಣುಕಪ್ಪನ ಬೆನ್ನು ತಟ್ಟಿದ.

"ಹೋಗ್ಲಿ ಬಿಡು. ನಿನ್ನ ಪಾಲಿಂದು ನಾನೇ ಹಾಕ್ತೀನಿ. ಬೇಲಿ ಪಕ್ಕದವನು ಅಷ್ಟೂ ಮಾಡ್ದಿದ್ರೆ ಹೆಂಗೆ?"

ರಂಗಪ್ಪನೂ ಆಡಿದಂತೆ ನಡೆಯುವವನೇ. ಮಂಗಳವಾರ ಎರಡು ಹೊರೆ ಹಾಕಿದ. ಉಳಿದ ಮನೆಯವರೂ ತಮ್ಮ ತಮ್ಮ ಹೊರೆ ಹಾಕಿದರು. ಒರತೆಯ ಬಳಿ ಎಲೆ ಸಾಲದೆ, ಕತ್ತಿ ತೆಗೆದುಕೊಂಡು ಹೋಗಿ ಕುಂಟುನೇರಳೆಯನ್ನು ಬುಡಕ್ಕೇ ಕಡಿದು ಹೊರೆ ಕಟ್ಟಿದರು. ಮಾರ್ಚ್ ಮುಗಿಯುವ ಮೊದಲು ನಲ್ಲಿಯಲ್ಲಿ ಗಾಳಿ ಬಂತು. ಎರಡು ದಿನ ಕೆಮ್ಮಿ ಅದೂ ನಿಂತಿತು. ಹೆಂಗಸರು ಬಸ್ಸು ತಿರುಗುವ ಜಾಗದ ಕೆಳಗಿನ ಹಳ್ಳದಿಂದ ಹೊತ್ತು ತರತೊಡಗಿದರು. ಮಳೆ ಹಿಡಿದರೆ ಒರತೆ ತಿರುಗಿ ಬರುತ್ತದೆ ಎಂದು ಕಾದರು. ಮಳೆ ಬಂತು. ಅಗೆದ ದಿಬ್ಬ ಕುಸಿದು ಒರತೆಯ ಮೇಲೆ ಕೂತಿತು.

ಆ ಮಳೆಗಾಲದಲ್ಲಿ ಮೋಹಿತ್ ಮತ್ತು ಅರ್ಪಿತಾ ಇಬ್ಬರೇ ಬಂದರು. ರೇಣುಕಪ್ಪನ ಜೊತೆ ಗುಡ್ಡ ಹತ್ತಿ, ಕೆಸರಿನಲ್ಲಿ ಉಳಿದಿದ್ದ ಬುಡಗಳನ್ನು ಎಣಿಸಿದರು.

ಹೋದದ್ದು ಇಷ್ಟು: ಕುಂಟುನೇರಳೆ ಗಿಡ ನಲವತ್ತಮೂರು. ಒರತೆ ಒಂದು. ಐದು ಮನೆಯ ನೀರು.